ಕೂಲರ್ ಮುಟ್ಟಿದರೆ ಶಾಕ್: ಎಂಸಿಬಿ ಏಕೆ ಬೀಳುವುದಿಲ್ಲ?

ರಾಯಚೂರಿನ ತಮ್ಮ ಮನೆಯ ತಗಡಿನ ಕೂಲರ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ, ಎಂಸಿಬಿ (ಕರೆಂಟನ್ನು ತಾನಾಗಿಯೇ ಕಡಿಯುವ ಸ್ವಿಚ್ಚು) ಮಾತ್ರ ಬೀಳುವುದಿಲ್ಲ ಎಂದು ಬರೆದಿದ್ದೀರಿ. ದಯವಿಟ್ಟು ಮೊದಲು ಪ್ಲಗ್ ಕಿತ್ತಿಡಿ. ಎಂಸಿಬಿ ಬೀಳುವುದು ಅತಿಯಾದ ಲೋಡು ಅಥವಾ ಶಾರ್ಟ್ ಸರ್ಕ್ಯೂಟ್ ಆದಾಗ. ಪ್ರಾಣ ತೆಗೆಯಲು ಸಾಕಾಗುವ, ನೂರು ಮಿಲಿಆಂಪಿಯರಿಗೂ ಕಡಿಮೆಯಾದ ಕರೆಂಟಿನ ಸೋರಿಕೆ ಅದರ ಲೆಕ್ಕಕ್ಕೇ ಬರುವುದಿಲ್ಲವಾದ್ದರಿಂದ, 30 ಮಿಲಿಆಂಪಿಯರಿನ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿಯನ್ನು ಪ್ರತ್ಯೇಕವಾಗಿ ಹಾಕಿಸಲೇಬೇಕು. ನನ್ನ ಅನುಮಾನ ನೀರೆತ್ತುವ ಪಂಪಿನ ಮೇಲೆ: ಅದರ ವೈರಿನ ಹೊದಿಕೆ ಸವೆದರೆ ಕರೆಂಟು ನೀರಿಗೂ ತಗಡಿಗೂ ಇಳಿಯುತ್ತದೆ. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗನ್ನೂ ಪರೀಕ್ಷೆ ಮಾಡಿಸಿರಿ; ನಮ್ಮ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಯ ಮಣ್ಣು ಒಣಗಿದಷ್ಟೂ ಅದರ ರೋಧ ಏರುವುದರಿಂದ, ಆಗಾಗ ನೀರು ಹಾಕುವುದು ಅಗತ್ಯ. ನೆರೆಯವರು ಸೂಚಿಸಿದಂತೆ ಎರಡು ಪಿನ್ನಿನ ಪ್ಲಗ್ ಹಾಕಿದರೆ, ಇರುವ ಅರ್ಥಿಂಗ್ ಸಂಪರ್ಕವೂ ತಪ್ಪಿಹೋಗುತ್ತದೆ. ರಿಪೇರಿಯಾದ ಬಳಿಕವೂ ಪ್ಲಗ್ ತೆಗೆದೇ ನೀರು ತುಂಬಿಸಿರಿ.