ನೀಲಿ ಬಟ್ಟೆ ತರಬೇಡ ತಂಗಿ

ನೈರೋಬಿಯಲ್ಲಿ ಬದುಕು ಹೇಗೆ, ಕೆನ್ಯಾದ ನ್ಗುರುಮನ್‌ನಲ್ಲಿ ರಕ್ತ ಹೀರುವ ತ್ಸೆತ್ಸೆ ನೊಣ ಎಣಿಸಲು ಯಾವ ಬಲೆ ಒಳ್ಳೆಯದು ಎಂದು ಒಂದೇ ಉಸಿರಿನಲ್ಲಿ ಕೇಳಿದ್ದೀಯ. ಬದುಕಿಗೇನೂ ಕೊರತೆಯಿಲ್ಲ. ತೊಗರಿಬೇಳೆ, ಹುಣಸೆಹಣ್ಣು ಇಲ್ಲಿಯೇ ಸಿಗುತ್ತವೆ. ಸಾರಿನ ಪುಡಿ ಮಾತ್ರ ಮನೆಯಿಂದ ತಾ. ನೀಲಿ, ಕಪ್ಪು ಬಟ್ಟೆಗಳನ್ನು ಅಲ್ಲಿಯೇ ಬಿಟ್ಟು ಬಾ. ಬಂದ ಹೊಸತರಲ್ಲಿ ನಾನು ಜೀನ್ಸ್ ತೊಟ್ಟು ಪೊದೆಗೆ ಇಳಿದಿದ್ದೆ. ಬಟ್ಟೆಯ ಮೇಲಿನಿಂದಲೇ ಚುಚ್ಚಿಸಿಕೊಂಡೆ.

ನಮ್ಮ ಮಾವಿನ ತೋಟದಲ್ಲಿ ಹಣ್ಣಿನ ನೊಣ ಹಿಡಿಯುವ ಮೋಹಕ ಬಲೆಯಲ್ಲಿ ವಾಸನೆಯದೇ ಕಾರುಬಾರು. ಇಲ್ಲಿ ಬಣ್ಣವೂ ಬೇಕು. ನೀಲಿ ದೂರದಿಂದ ಸೆಳೆಯುತ್ತದೆ, ಕಪ್ಪು ಕೂರಿಸುತ್ತದೆ, ಆಮೇಲೆ ನೊಣ ಬೆಳಕಿನತ್ತ ಮೇಲೇರಿ ತುದಿಯ ಡಬ್ಬಿಗೆ ಬೀಳುತ್ತದೆ. 1973ರಲ್ಲಿ ಫ್ರೆಂಚ್ ಸಂಶೋಧಕರಾದ ಶಾಲಿಯೆ ಮತ್ತು ಲಾವೆಸಿಯೆರ್ ರೂಪಿಸಿದ ಜೋಡಿ ಶಂಕುವಿನ ಬಲೆ ನದಿಯಂಚಿನ ಜಾತಿಗಳಿಗೆ ಹೇಳಿ ಮಾಡಿಸಿದ್ದು. ನಮ್ಮಲ್ಲಿರುವ ತ್ಸೆತ್ಸೆ ಜಾತಿ, ಗ್ಲಾಸಿನಾ ಪ್ಯಾಲಿಡಿಪೆಸ್, ಪೊದೆಗಾಡಿನದು. ಅದಕ್ಕೆ ನ್ಗುರುಮನ್‌ನಲ್ಲೇ ಹುಟ್ಟಿ ಆ ಊರಿನ ಹೆಸರನ್ನೇ ಹೊತ್ತ ಎನ್‌ಜಿಯು ಬಲೆಯೇ ಸೈ. ಊರಿನವರೇ ಹೊಲಿದುಕೊಳ್ಳುವಷ್ಟು ಸರಳ. ವಾಸನೆಗೆಂದು ಪಕ್ಕದಲ್ಲಿ ಅಸಿಟೋನ್ ಶೀಸೆ, ಜೊತೆಗೆ ಗೋಮೂತ್ರ. ಗೋಮೂತ್ರದಲ್ಲಿನ ಫೀನಾಲ್ ಎಂಬ ವಾಸನೆಯ ರಾಸಾಯನಿಕಗಳಿಗೆ ನೊಣ ಮರುಳಾಗುತ್ತದೆ. ಫೋನಿನಲ್ಲಿ ಇದನ್ನು ಕೇಳಿ ನಮ್ಮ ಅಮ್ಮ ಬಲು ಹಿಗ್ಗಿದರು; ವಾರಗಟ್ಟಲೆ ಹಳಸಲು ಬಿಡುತ್ತೇವೆ ಎಂದಾಗ ಮಾತು ಬದಲಿಸಿದರು.

ಆದರೆ ನನ್ನ ಮಾತನ್ನು ನಂಬಿ ಕೂರಬೇಡ, ನೀನೇ ಹೋಲಿಸಿ ನೋಡು. ಎರಡು ಬಲೆಗಳನ್ನು ಎರಡು ಮರಗಳಡಿ ಇಟ್ಟು ಎಣಿಸಿದರೆ ಮರಗಳನ್ನು ಹೋಲಿಸಿದಂತಾಗುತ್ತದೆ. ಮೊದಲ ವರ್ಷ ನಾನು ಮಾಡಿದ್ದೂ ಅದೇ. ಒಳ್ಳೆಯ ಜಾಗ ಸಿಕ್ಕ ಬಲೆ ಗೆದ್ದಿತು, ನನ್ನ ವರದಿ ಸೋತಿತು. ಮೂರು ಬಲೆಗಳಿದ್ದರೆ ಮೂರು ಜಾಗ, ಮೂರು ದಿನ. ದಿನವೂ ಬಲೆಗಳು ಜಾಗ ಬದಲಿಸಬೇಕು, ಪ್ರತಿ ಬಲೆಯೂ ಪ್ರತಿ ಜಾಗವನ್ನು ಕಾಣಬೇಕು. ಇದೇ ಲ್ಯಾಟಿನ್ ಚೌಕ, ಕಾಲೇಜಿನಲ್ಲಿ ಓದಿರುತ್ತೀಯ. ಒಂದು ಸುತ್ತು ಸಾಲದು, ಹಲವು ಸುತ್ತು ಹಾಕು.

ಅಷ್ಟಾದರೂ ಬಲೆಗೆ ಬೀಳುವುದು ಹೆಚ್ಚಾಗಿ ಹಸಿದು ಹಾರುತ್ತಿರುವ ನೊಣವೇ. ರಕ್ತ ಕುಡಿದು ಕಾಂಡಕ್ಕೆ ಅಂಟಿ ಕುಳಿತದ್ದು ನಿನ್ನ ಲೆಕ್ಕಕ್ಕೆ ಬರುವುದಿಲ್ಲ. ಜಿಂಬಾಬ್ವೆಯಲ್ಲಿ ತ್ಸೆತ್ಸೆ ಸಂಶೋಧಕ ಗ್ಲಿನ್ ವೇಲ್ ಬಲೆಯ ಪಕ್ಕ ವಿದ್ಯುತ್ ಹರಿಯುವ ಸಣ್ಣ ತಂತಿಗಳ ಪರದೆ ನಿಲ್ಲಿಸಿ ನೋಡಿದರು. ಹತ್ತಿರ ಬಂದ ಅನೇಕ ನೊಣಗಳು ಒಳಗೆ ಹೋಗದೆ ಹಿಂದಿರುಗುತ್ತಿದ್ದವು. ಹಾಗಾಗಿ ಡಬ್ಬಿ ಖಾಲಿ ಇದ್ದ ದಿನ ‘ನೊಣವಿಲ್ಲ’ ಎಂದು ಬರೆಯಬೇಡ, ‘ಸಿಕ್ಕಿಲ್ಲ’ ಎಂದು ಬರೆ.

ನ್ಗುರುಮನ್ ದಾರಿಯಲ್ಲಿ ಮಾಗಡಿ ಸಿಗುತ್ತದೆ. ಬೆಂಗಳೂರಿನ ಪಕ್ಕದ್ದಲ್ಲ, ಸೋಡಾ ಸರೋವರದ ದಂಡೆಯದು. ಕುಡಿಯುವ ನೀರನ್ನು ಆ ಊರಿನಲ್ಲಿಯೇ ತುಂಬಿಸಿಕೊ.