ಮತ್ತೆ ಅಳಬೇಕಾಗುತ್ತದೆ ಎಂದು ಗೊತ್ತಿದ್ದೂ

ಒಂಟಿಯಾದ ಅಪ್ಪನಿಗೋ ಅಮ್ಮನಿಗೋ ಮಕ್ಕಳು ನಾಯಿಮರಿ ತಂದುಕೊಡಲು ಹೊರಡುತ್ತಾರೆ. ಆಪ್ತರನ್ನು ಕಳೆದುಕೊಂಡವರಿಗೆ ಸಮಾಲೋಚನೆ ನೀಡುವ ನನ್ನ ಮುಂದೆ ಈ ವಿಷಯ ಮತ್ತೆ ಮತ್ತೆ ಬರುತ್ತದೆ. ಅಂಥದೊಂದು ಪ್ರಕರಣವನ್ನು ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಅವರಿಗೆ 71 ವರ್ಷ. ಹೆಂಡತಿ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಊಟ, ನಿದ್ದೆ ಒಂದು ಹದಕ್ಕೆ ಬಂದಿದ್ದವು. ಆದರೆ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಮಗಳು ಆಗಲೇ ಒಂದು ಮರಿಯನ್ನು ಗೊತ್ತು ಮಾಡಿದ್ದಳು.

"ಮರಿ ಹನ್ನೆರಡು ಹದಿಮೂರು ವರ್ಷ ಬದುಕುತ್ತೆ ಮೇಡಂ. ಆಗ ನನಗೆ 84. ನನ್ನ ಕೈಲಿ ಆಗುತ್ತಾ?" ಎಂದರು.

ಲೆಕ್ಕ ಸರಿಯಾಗಿತ್ತು. ಮರಿಯನ್ನು ರಾತ್ರಿಯೂ ಎದ್ದು ಹೊರಗೆ ಕರೆದೊಯ್ಯಬೇಕು. ಹಲ್ಲು ಬರುವಾಗ ಸಿಕ್ಕಿದ್ದೆಲ್ಲ ಕಚ್ಚುತ್ತದೆ. ಬೆಳೆದ ಮೇಲೆ ಅದರ ಸ್ವಭಾವ ಹೇಗಿರುತ್ತದೋ ಮೊದಲೇ ಹೇಳುವುದು ಕಷ್ಟ. ದಿಕ್ಕಿಲ್ಲದ ನಾಯಿಗಳನ್ನು ಸಾಕುವ ಶೆಲ್ಟರ್‌ನಲ್ಲಿರುವ ಎಂಟೊಂಬತ್ತು ವರ್ಷದ ನಾಯಿಯ ವಿಷಯ ಹಾಗಲ್ಲ. ಅದರ ಗಾತ್ರ ಕಣ್ಣೆದುರಿಗೇ ಇರುತ್ತದೆ. ಯಾರನ್ನು ಕಂಡರೆ ಹೆದರುತ್ತದೆ, ಎಷ್ಟು ದೂರ ನಡೆಯುತ್ತದೆ ಎನ್ನುವುದು ನೋಡಿಕೊಳ್ಳುವವರಿಗೆ ಗೊತ್ತಿರುತ್ತದೆ. ದಿನದ ಹೆಚ್ಚು ಹೊತ್ತು ಮಲಗಿರುತ್ತದೆ. ಅಂಥದ್ದನ್ನು ಹೋಗಿ ನೋಡಿ ಎಂದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು.

"ಅದು ಇನ್ನೆಷ್ಟು ದಿನ ಇರುತ್ತೆ?"

"ಮೂರು ವರ್ಷ, ನಾಲ್ಕು ವರ್ಷ. ಇನ್ನೂ ಕಡಿಮೆ ಆಗಬಹುದು."

"ಅಂದ್ರೆ ನಾನು ಇನ್ನೊಂದು ಸಲ ಅಳಬೇಕು. ಅದು ಗೊತ್ತಿದ್ದೂ ತಗೊಳ್ಳಿ ಅಂತೀರಾ?"

ಹೌದು ಎಂದೆ. ಆಮೇಲೆ, ಹೆಂಡತಿಯ ಕೊನೆಯ ದಿನಗಳಲ್ಲಿ ಈಗಲೂ ಹೆಚ್ಚು ಕಾಡುವುದು ಯಾವುದು ಎಂದು ಕೇಳಿದೆ. "ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಏನೇನೋ ನಡೀತಿತ್ತು. ನಾನು ಮಾಡೋದು ಏನೂ ಇರಲಿಲ್ಲ," ಎಂದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಳ್ಳುತ್ತಾ ಅವರೇ ಕೇಳಿದರು: "ವಯಸ್ಸಾದ ನಾಯಿಗೆ ಮಾಡೋಕೆ ಇರುತ್ತೆ, ಅಲ್ವಾ?"

ಇರುತ್ತದೆ. ಆದರೆ ಅದು ನಿಮ್ಮ ಹೆಂಡತಿಯ ಜಾಗ ತುಂಬಲು ಬರುವುದಿಲ್ಲ ಎಂದೂ ಆಗಲೇ ಹೇಳಿದೆ.

ನೊಂದವರ ಕೈಗೆ ಇನ್ನೊಂದು ಸಾವು ಕೊಡುತ್ತಿದ್ದೀರಿ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಆಕ್ಷೇಪಿಸಿದರು. ನಾನು ಒಪ್ಪಲಿಲ್ಲ. ಸಾವಾಗಿ ಕೆಲವೇ ವಾರ ಆದವರಿಗೆ, ತಮ್ಮ ಊಟವನ್ನೇ ಮರೆಯುವವರಿಗೆ ನಾನು ಯಾವ ನಾಯಿಯನ್ನೂ ಹೇಳುವುದಿಲ್ಲ. ನಾಯಿ ಔಷಧಿ ಅಲ್ಲ. ಅದಕ್ಕೂ ಒಂದು ಬದುಕಿದೆ. ಆದರೆ ನೋವು ಬರುತ್ತದೆಂದು ಪ್ರೀತಿಯನ್ನೇ ದೂರ ಇಡುವುದನ್ನು ಕಲಿಸಲು ನನ್ನಿಂದ ಆಗುವುದಿಲ್ಲ. ಆ ಮನೆಯ ಬಾಗಿಲು ಒಂದೂವರೆ ವರ್ಷದಿಂದ ಮುಚ್ಚಿದ್ದು ಅದೇ ಭಯದಿಂದ.

ಷರತ್ತುಗಳನ್ನೂ ಹಾಕಿದೆ. ತರುವ ಮೊದಲು ಪಶುವೈದ್ಯರಿಂದ ಹಲ್ಲು, ಕೀಲು, ರಕ್ತ, ಮೂತ್ರ ಪರೀಕ್ಷೆ ಮಾಡಿಸಬೇಕು. ಆಮೇಲೆ ಆರು ತಿಂಗಳಿಗೊಮ್ಮೆ ತಪಾಸಣೆ. ಈ ಖರ್ಚು ಕಡಿಮೆಯೇನಲ್ಲ, ಅದನ್ನು ಮಗಳ ಜೊತೆ ಕೂತು ಮಾತಾಡಬೇಕು. ನುಣುಪಾದ ನೆಲಕ್ಕೆ ಚಾಪೆ ಹಾಸಬೇಕು. ಇವರು ಹಾಸಿಗೆ ಹಿಡಿದರೆ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಈಗಲೇ ಬರೆದಿಡಬೇಕು. ಮೊದಲ ಕೆಲವು ದಿನ ಅದು ಸರಿಯಾಗಿ ಉಣ್ಣದೆ ಮೂಲೆ ಹಿಡಿದರೆ ಗಾಬರಿಯಾಗಬಾರದು. ಪೂರ್ತಿ ಹೊಂದಿಕೊಳ್ಳಲು ಮೂರು ತಿಂಗಳಾದರೂ ಬೇಕಾಗಬಹುದು. ಆದರೆ ಎರಡು ದಿನವಾದರೂ ಏನೂ ತಿನ್ನದಿದ್ದರೆ ವೈದ್ಯರ ಹತ್ತಿರ ಹೋಗಲೇಬೇಕು.

ಒಂಬತ್ತು ವರ್ಷದ ಹೆಣ್ಣು ನಾಯಿಯೊಂದನ್ನು ತಂದರು. ಈಗ ಅದಕ್ಕೆ ಕಿವಿ ಮಂದ. ಹೋದ ವಾರ ಫೋನ್ ಮಾಡಿದ್ದರು. ಅದು ಮಲಗಿರುವಾಗ ಹತ್ತಿರ ಹೋಗಬೇಕಾದರೆ ಮೊದಲು ನೆಲವನ್ನು ಕಾಲಿಂದ ಎರಡು ಸಲ ಬಡಿಯುತ್ತಾರಂತೆ, ಬೆಚ್ಚಿಬೀಳದಿರಲಿ ಎಂದು. ಅದು ಕಣ್ಣು ಬಿಟ್ಟು ಬಾಲ ಅಲ್ಲಾಡಿಸಿದ ಮೇಲೆ ಇಬ್ಬರೂ ಹೊರಗೆ ಹೋಗುತ್ತಾರೆ.