ಹುಬ್ಬಳ್ಳಿಯ ನಳದ ನೀರಿಗೆ ಆರ್‌ಒ ಯಂತ್ರ ಬೇಕೇ?

ನೀವು ಕೇಳಿರುವುದು ಇಷ್ಟು: ನವನಗರದ ಬಾಡಿಗೆ ಮನೆಗೆ ಬಂದು ಒಂದು ತಿಂಗಳಾಗಿದೆ, ಪಾಲಿಕೆಯ ನಳವೂ ಇದೆ, ಮಾಲೀಕರ ಬೋರ್‌ವೆಲ್ಲೂ ಇದೆ. ಮಾರಾಟಗಾರನೊಬ್ಬ ಬಂದು ನಿಮ್ಮ ಕಣ್ಣೆದುರೇ ನಳದ ನೀರನ್ನು ಕಂದು ಬಣ್ಣಕ್ಕೆ ತಿರುಗಿಸಿ ತೋರಿಸಿ, ನೀರನ್ನು ಸೂಕ್ಷ್ಮ ಪೊರೆಯ ಮೂಲಕ ತಳ್ಳಿ ಲವಣ ತೆಗೆಯುವ, ಹದಿನೆಂಟು ಸಾವಿರ ರೂಪಾಯಿಯ ಆರ್‌ಒ ಯಂತ್ರ ಕೊಳ್ಳದಿದ್ದರೆ ಎರಡು ವರ್ಷದ ಮಗುವಿಗೆ ಅಪಾಯ ಎಂದು ಹೆದರಿಸಿ ಹೋಗಿದ್ದಾನೆ. ಹಿಂದಿನ ಬಾಡಿಗೆದಾರರು ತಮ್ಮ ಹಳೆಯ ಯಂತ್ರವನ್ನು ಮೂರು ಸಾವಿರಕ್ಕೆ ಕೊಡುತ್ತೇವೆ ಎನ್ನುತ್ತಿದ್ದಾರೆ. ಯಾವುದನ್ನು ಕೊಳ್ಳಬೇಕು, ಅಥವಾ ಕೊಳ್ಳಲೇಬೇಕೇ ಎಂಬುದು ನಿಮ್ಮ ಪ್ರಶ್ನೆ.

ನಾನು ಧಾರವಾಡದ ಸಪ್ತಾಪುರದಲ್ಲಿ ಇಪ್ಪತ್ತು ವರ್ಷಗಳಿಂದ ಇದ್ದೇನೆ. ಅಂಥದೇ ಒಂದು ಯಂತ್ರವನ್ನು ಆರು ವರ್ಷ ಇಟ್ಟುಕೊಂಡಿದ್ದು, ಈಗ ತೆಗೆದುಹಾಕಿದ್ದೇನೆ. ಕುಡಿಯಲು ಮತ್ತು ಅಡುಗೆಗೆ ನಳದ ನೀರನ್ನೇ ಬಳಸುವುದಾದರೆ ನಿಮಗೆ ಆರ್‌ಒ ಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಬೋರ್‌ವೆಲ್ ನೀರನ್ನೇ ಕುಡಿಯಬೇಕಾಗಿ ಬಂದರೆ ಮಾತು ಬೇರೆ, ಆದರೆ ಅದನ್ನೂ ಮಾರಾಟಗಾರನ ಮಾತಿನ ಮೇಲೆ ನಿರ್ಧರಿಸಬೇಡಿ.

ಮೊದಲು ಆ ಕಂದು ಬಣ್ಣದ ಗುಟ್ಟು. ಅವನು ಎರಡು ಗ್ಲಾಸುಗಳಲ್ಲಿ, ಒಂದರಲ್ಲಿ ನಳದ ನೀರು, ಇನ್ನೊಂದರಲ್ಲಿ ಯಂತ್ರದ ನೀರು ಇಟ್ಟು, ಎರಡರಲ್ಲೂ ಲೋಹದ ಕಡ್ಡಿಗಳಿರುವ ಸಾಧನವನ್ನು ಮುಳುಗಿಸಿ ವಿದ್ಯುತ್ ಹರಿಸಿರಬೇಕು. ಆ ಕಡ್ಡಿಗಳಲ್ಲಿ ಕಬ್ಬಿಣವಿರುತ್ತದೆ. ವಿದ್ಯುತ್ ಹರಿದಾಗ ಕಬ್ಬಿಣ ಕರಗಿ, ನೀರಿನೊಡನೆ ಸೇರಿ ತುಕ್ಕಿನಂಥ ಗಸಿಯಾಗುತ್ತದೆ. ನೀವು ಕಂಡ ಕೊಳೆ ನೀರಿನಲ್ಲಿ ಮೊದಲೇ ಇದ್ದದ್ದಲ್ಲ, ಅವನ ಕಡ್ಡಿಯಿಂದಲೇ ಬಂದದ್ದು. ನೀರಿನಲ್ಲಿ ಲವಣಾಂಶವಿದ್ದರೆ ಮಾತ್ರ ವಿದ್ಯುತ್ ಸರಾಗವಾಗಿ ಹರಿಯುವುದರಿಂದ ಲವಣವನ್ನು ಕಳೆದುಕೊಂಡ ಆರ್‌ಒ ನೀರು ತಿಳಿಯಾಗಿಯೇ ಉಳಿಯುತ್ತದೆ. ಮತ್ತೊಮ್ಮೆ ಬಂದರೆ ಆ ತಿಳಿನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಕಡ್ಡಿ ಮುಳುಗಿಸಲು ಹೇಳಿ, ಅದೂ ಕಂದಾಗುತ್ತದೆ. ನನ್ನ ಪಕ್ಕದ ಮನೆಯಲ್ಲಿ ಹೀಗೆ ಕೇಳಿದಾಗ ಆ ಹುಡುಗ ಇನ್ನೊಂದು ಮನೆಗೆ ಹೋಗಬೇಕಿದೆ ಎಂದು ಚೀಲ ಕಟ್ಟಿದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಕಲಿಸಿ ಕಳುಹಿಸಿದವರ ಮೇಲೆ ಇದೆ.

ಅವನ ಜೇಬಿನಲ್ಲಿದ್ದ ಪೆನ್ನಿನಂಥ ಟಿಡಿಎಸ್ ಮೀಟರ್ ಮಾತ್ರ ಸುಳ್ಳು ಹೇಳುವುದಿಲ್ಲ, ಆದರೆ ಅದು ಪೂರ್ತಿ ಸತ್ಯವನ್ನೂ ಹೇಳುವುದಿಲ್ಲ. ನೀರು ಎಷ್ಟು ಚೆನ್ನಾಗಿ ವಿದ್ಯುತ್ತನ್ನು ಹರಿಯಬಿಡುತ್ತದೆ ಎಂಬುದನ್ನು ಅಳೆದು, ಅದರಿಂದ ಲೀಟರಿಗೆ ಇಷ್ಟು ಮಿಲಿಗ್ರಾಂ ಲವಣ ಕರಗಿದೆ ಎಂದು ಅಂದಾಜು ಮಾಡುವುದಷ್ಟೇ ಅದರ ಕೆಲಸ. ಒಂದು ಲೋಟ ನೀರಿಗೆ ಎರಡು ಚಮಚ ಸಕ್ಕರೆ ಕದಡಿ ಅಳೆದು ನೋಡಿ, ಅಂಕಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಅಂದ ಮೇಲೆ ವಾಂತಿಭೇದಿ ತರುವ ರೋಗಾಣುಗಳು ಆ ಮೀಟರಿನ ಕಣ್ಣಿಗೆ ಹೇಗೆ ಬಿದ್ದಾವು? ಚರಂಡಿ ನೀರು ತುಸು ಬೆರೆತ ನಳದ ನೀರೂ ನೂರೈವತ್ತು ತೋರಿಸಬಹುದು, ಯಾವ ದೋಷವೂ ಇಲ್ಲದ ಬಾವಿಯ ನೀರು ಆರುನೂರು ತೋರಿಸಬಹುದು. ಆದರೂ ಇನ್ನೂರು ಮುನ್ನೂರು ರೂಪಾಯಿ ಕೊಟ್ಟು ಒಂದು ಮೀಟರ್ ಇಟ್ಟುಕೊಳ್ಳಿ ಎನ್ನುತ್ತೇನೆ, ಏಕೆಂದರೆ ಇಂದು ನಳದಲ್ಲಿ ಬಂದದ್ದು ನದಿಯ ನೀರೋ ಬೋರಿನ ನೀರೋ ಎಂಬುದನ್ನು ಅದು ಕ್ಷಣದಲ್ಲಿ ಹೇಳಿಬಿಡುತ್ತದೆ.

ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಮುಖ್ಯವಾಗಿ ಬರುವುದು ಸವದತ್ತಿಯ ಬಳಿಯ ನವಿಲುತೀರ್ಥದ ಅಣೆಕಟ್ಟಿನಿಂದ, ಅಮ್ಮಿನಭಾವಿಯ ಘಟಕದಲ್ಲಿ ಶುದ್ಧೀಕರಣವಾಗಿ ಬರುವ ಮಲಪ್ರಭೆಯ ನೀರು. ಹುಬ್ಬಳ್ಳಿಯ ಕೆಲವು ಭಾಗಗಳಿಗೆ ನೀರಸಾಗರದ ನೀರೂ ಬರುತ್ತಿತ್ತು. ನದಿಯ ನೀರಾದ್ದರಿಂದ ಲವಣ ಕಡಿಮೆ. ನನ್ನ ಮನೆಯ ನಳದಲ್ಲಿ ಅಂಕಿ ಸಾಮಾನ್ಯವಾಗಿ ಇನ್ನೂರರ ಒಳಗೇ ಇರುತ್ತದೆ, ಅದೇ ಓಣಿಯ ಬೋರ್‌ವೆಲ್ಲಿನಲ್ಲಿ ಒಂಬೈನೂರು ದಾಟುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹಾಕಿರುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ ಒಪ್ಪಬಹುದು ಎಂದೂ ಅದೇ ಮಾನಕ ಹೇಳುತ್ತದೆ. 500ಕ್ಕಿಂತ ಕಡಿಮೆ ಲವಣವಿರುವ ನೀರಿಗೆ ಆರ್‌ಒ ಬಳಸುವುದನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸೂಚಿಸಿದ್ದೂ ಇದೇ ಕಾರಣಕ್ಕೆ. ಮೀಟರ್ ಬರುವ ಮೊದಲು ನಮ್ಮ ತಾಯಿಗೆ ಇದಕ್ಕೆ ಬೇಳೆಯೇ ಸಾಕಾಗಿತ್ತು. ಸವಳು ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಕರಗದೆ ಕಾಳು ಕಾಳಾಗಿ ಉಳಿಯುತ್ತದೆ, ಸಿಹಿ ನೀರಿನಲ್ಲಿ ಮೂರು ಸೀಟಿಗೇ ಬೆಣ್ಣೆಯಾಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಕಣಗಳನ್ನು ಬೆಸೆದಿಡುವ ಪೆಕ್ಟಿನ್ ಎಂಬ ಅಂಟನ್ನು ಬಿಗಿಹಿಡಿಯುವುದೇ ಇದಕ್ಕೆ ಕಾರಣ ಎಂದು ನಾನು ಓದಿ ತಿಳಿದದ್ದು ಬಹಳ ತಡವಾಗಿ.

ಹಾಗೆಂದು ಆರ್‌ಒ ಎಂಬುದೇ ಮೋಸ ಎಂದು ಹೇಳಲಾರೆ. ನನ್ನ ಹೆಂಡತಿಯ ತವರು ಗದಗ ಜಿಲ್ಲೆಯ ಮುಂಡರಗಿ ತಾಲೂಕಿನ ಒಂದು ಹಳ್ಳಿ. ಆ ಸೀಮೆಯ ಹಲವು ಬೋರ್‌ವೆಲ್ಲುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅವಳ ಅಣ್ಣಂದಿರು ಬಾಲ್ಯದಿಂದ ಕುಡಿದದ್ದು ಅದೇ ನೀರು. ಇಂದಿಗೂ ನಕ್ಕರೆ ಹಲ್ಲುಗಳ ಮೇಲೆ ಕಂದು ಗೆರೆಗಳು ಕಾಣುತ್ತವೆ. ಆ ಗೆರೆಗಳನ್ನು ಯಾವ ಹಲ್ಲುಪುಡಿಯೂ ಅಳಿಸಲಿಲ್ಲ, ಏಕೆಂದರೆ ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಫ್ಲೋರೈಡ್ ಅದರೊಳಗೆ ಸೇರಿರುತ್ತದೆ. ಅಪೇಕ್ಷಣೀಯ ಮಿತಿ ಲೀಟರಿಗೆ 1 ಮಿಲಿಗ್ರಾಂ, ಅನಿವಾರ್ಯವಾದರೆ 1.5. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನಿಂದ ಮುಂದೆ ಮೂಳೆಗೂ ತೊಂದರೆ ಹಬ್ಬುತ್ತದೆ. ಇಂಥ ನೀರನ್ನು ಕುದಿಸಿದರೂ ಪ್ರಯೋಜನವಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ, ಸ್ವಲ್ಪ ಹೆಚ್ಚು ದಟ್ಟವೂ ಆಗುತ್ತದೆ. ಬಟ್ಟೆಯಲ್ಲಿ ಸೋಸುವುದಾಗಲಿ, ರೋಗಾಣು ಕೊಲ್ಲುವ ನೇರಳಾತೀತ ಕಿರಣದ ಯುವಿ ದೀಪವಾಗಲಿ ಅದನ್ನು ಮುಟ್ಟುವುದಿಲ್ಲ. ಅಲ್ಲಿ ಆರ್‌ಒ ನಿಜವಾಗಿ ಕೆಲಸಕ್ಕೆ ಬರುತ್ತದೆ. ಗದಗದವರೇ ಆದ ಎಚ್. ಕೆ. ಪಾಟೀಲರು 2013ರಿಂದ 2018ರವರೆಗೆ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ರಾಜ್ಯದ ಹಳ್ಳಿಹಳ್ಳಿಗಳಲ್ಲಿ ಎದ್ದುನಿಂತ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಇರುವುದೂ ಬಹುಪಾಲು ಇದೇ ತಂತ್ರ. ನಮ್ಮ ಮಾವನವರು ಸೈಕಲ್ಲಿಗೆ ಕ್ಯಾನ್ ಕಟ್ಟಿಕೊಂಡು ಹೋಗಿ ನಾಣ್ಯ ಹಾಕಿ ನೀರು ತರುತ್ತಿದ್ದರು, ಘಟಕ ಕೆಟ್ಟು ನಿಂತ ವಾರಗಳಲ್ಲಿ ಮತ್ತೆ ಬೋರಿನ ನೀರೇ ಗತಿಯಾಗುತ್ತಿತ್ತು.

ಆದುದರಿಂದ ನಿಮ್ಮ ಮಾಲೀಕರ ಬೋರ್‌ವೆಲ್ ನೀರನ್ನು ಕುಡಿಯುವ ಪ್ರಸಂಗವಿದ್ದರೆ ಯಂತ್ರಕ್ಕಿಂತ ಮೊದಲು ಪರೀಕ್ಷೆ ಮಾಡಿಸಿ. ಗ್ರಾಮೀಣ ಕುಡಿಯುವ ನೀರು ಸರಬರಾಜು ಇಲಾಖೆಯ ಜಿಲ್ಲಾ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ಅಲ್ಪ ಶುಲ್ಕ ಕೊಟ್ಟು ನೀರು ಪರೀಕ್ಷಿಸಿಕೊಳ್ಳಬಹುದು. ಫ್ಲೋರೈಡ್, ನೈಟ್ರೇಟ್, ಗಡಸುತನ, ರೋಗಾಣು ಈ ನಾಲ್ಕನ್ನು ಕೇಳಿ ಬರೆಸಿಕೊಳ್ಳಿ.

ಇನ್ನು ನಳದ ನೀರಿನ ನಿಜವಾದ ತೊಂದರೆಗೆ ಬರುತ್ತೇನೆ, ಅದನ್ನು ನಿಮ್ಮ ಮಾರಾಟಗಾರ ಎತ್ತಲೇ ಇಲ್ಲ. ನಮ್ಮಲ್ಲಿ ಅನೇಕ ಬಡಾವಣೆಗಳಿಗೆ ನೀರು ಬಿಡುವುದು ಹಲವು ದಿನಗಳಿಗೊಮ್ಮೆ, ಕೆಲವೇ ತಾಸು. ಉಳಿದ ದಿನಗಳಲ್ಲಿ ಕೊಳವೆ ಖಾಲಿಯಾಗಿ ಒತ್ತಡವಿಲ್ಲದೆ ಬಿದ್ದಿರುವಾಗ, ಬಿರುಕುಗಳ ಮೂಲಕ ಸುತ್ತಲಿನ ಮಣ್ಣಿನ ಮತ್ತು ಗಟಾರಿನ ನೀರು ಒಳಕ್ಕೆ ಜಿನುಗಬಲ್ಲದು. 2008ರ ಸುಮಾರಿಗೆ ಅವಳಿ ನಗರದ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ಆರಂಭವಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಅವರು ಆ ವಾರ್ಡುಗಳ ನೀರನ್ನೂ ಬಿಟ್ಟು ಬಿಟ್ಟು ನೀರು ಬರುವ ವಾರ್ಡುಗಳ ನೀರನ್ನೂ ಹೋಲಿಸಿ 2013ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಬಿಟ್ಟು ಬಿಟ್ಟು ಬರುವ ಕಡೆ ಮಾಲಿನ್ಯದ ಗುರುತಾದ ಬ್ಯಾಕ್ಟೀರಿಯಾಗಳು ಹೆಚ್ಚು ಬಾರಿ ಕಂಡುಬಂದವು. ನೀರು ಬಿಟ್ಟ ಮೊದಲ ಹೊತ್ತಿನ ನೀರನ್ನು ಕುಡಿಯಲು ಹಿಡಿಯಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಸರಿಯಾಗಿಯೇ ಇತ್ತು. ನಾವು ಮೊದಲ ನಾಲ್ಕೈದು ಕೊಡಗಳನ್ನು ಅಂಗಳ ತೊಳೆಯಲು ಎತ್ತಿಡುತ್ತೇವೆ.

ಅಲ್ಲಿಂದ ಮುಂದೆ ನೀರು ಹೋಗುವುದು ನಮ್ಮದೇ ತೊಟ್ಟಿಗೆ. ಒಮ್ಮೆ ನೆಲದಡಿಯ ತೊಟ್ಟಿಗೆ, ಅಲ್ಲಿಂದ ಮಾಳಿಗೆಯ ಮೇಲಿನ ಟ್ಯಾಂಕಿಗೆ ಏರಿ ಐದಾರು ದಿನ ಬಿಸಿಲಿನಲ್ಲಿ ನಿಂತ ನೀರಿನಲ್ಲಿ, ಅಮ್ಮಿನಭಾವಿಯಲ್ಲಿ ಬೆರೆಸಿದ ಕ್ಲೋರಿನ್ ಉಳಿದಿರುತ್ತದೆ ಎಂದು ನಂಬುವುದು ಕಷ್ಟ. ಕಳೆದ ಯುಗಾದಿಗೆ ನಮ್ಮ ಟ್ಯಾಂಕಿನ ಮುಚ್ಚಳ ತೆಗೆದಾಗ ಒಳಗೆ ಒಂದು ಓತಿಕ್ಯಾತ ಸತ್ತು ತೇಲುತ್ತಿತ್ತು. ಆ ಹೊತ್ತಿನಲ್ಲೂ ಟಿಡಿಎಸ್ ಮೀಟರ್ ತೋರಿಸಿದ್ದು ನೂರೆಪ್ಪತ್ತು.

ಹೀಗೆ ನಿಮ್ಮ ನಳದ ನೀರಿನ ಚಿಂತೆ ರೋಗಾಣುಗಳದ್ದು, ಲವಣದ್ದಲ್ಲ. ರೋಗಾಣುಗಳಿಗೆ ಮುಂದೆ ಗಸಿ ಸೋಸುವ ಫಿಲ್ಟರ್ ಇರುವ ಯುವಿ ಯಂತ್ರ ಸಾಕು, ಬೆಲೆಯೂ ಆರ್‌ಒಗಿಂತ ಕಡಿಮೆ. ಮಳೆಗಾಲದಲ್ಲಿ ನೀರು ಕದಡಿ ಬಂದರೆ ದೀಪದ ಕಿರಣ ರೋಗಾಣುಗಳನ್ನು ತಲುಪುವುದಿಲ್ಲವಾದ್ದರಿಂದ ಆ ಮುಂದಿನ ಫಿಲ್ಟರನ್ನು ಅಲಕ್ಷ್ಯ ಮಾಡಬೇಡಿ. ದುಡ್ಡು ಹಾಕುವುದೇ ಬೇಡವೆಂದರೆ ಒಂದು ನಿಮಿಷ ಚೆನ್ನಾಗಿ ಮರಳುವಂತೆ ಕುದಿಸಿ, ಅದೇ ಪಾತ್ರೆಯಲ್ಲಿ ಆರಿಸಿ, ಮುಚ್ಚಿಡಿ. ನಾವು ಯುವಿ ಇಟ್ಟುಕೊಂಡಿದ್ದೇವೆ, ಕರೆಂಟ್ ಹೋದ ದಿನ ಕುದಿಸುತ್ತೇವೆ.

ಅನಗತ್ಯವಾದ ಆರ್‌ಒ ಇದ್ದರೆ ನಷ್ಟವೇನು ಎಂದು ಕೇಳಬಹುದು. ನಷ್ಟ ನೀರಿನದು. ಮನೆಯ ಯಂತ್ರ ಒಂದು ಲೀಟರ್ ಕೊಡಲು ಸಾಮಾನ್ಯವಾಗಿ ಎರಡು ಮೂರು ಲೀಟರ್ ಹೊರಚೆಲ್ಲುತ್ತದೆ. ನಮ್ಮ ಮನೆಯಲ್ಲಿ ಕುಡಿಯಲು, ಅಡುಗೆಗೆ ದಿನಕ್ಕೆ ಹದಿನೈದು ಲೀಟರ್ ಬೇಕಾಗುತ್ತಿತ್ತು. ಹೊರಬೀಳುತ್ತಿದ್ದುದು ಸುಮಾರು 45 ಲೀಟರ್. ಆರು ದಿನಕ್ಕೊಮ್ಮೆ ನೀರು ಬರುವ ಮನೆಯಲ್ಲಿ ಅದು 270 ಲೀಟರ್, ಅಂದರೆ ಸಾವಿರ ಲೀಟರಿನ ಟ್ಯಾಂಕಿನ ಕಾಲು ಭಾಗಕ್ಕೂ ಹೆಚ್ಚು. ಆ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಬಹುದು, ನಾವೂ ಒರೆಸಿದೆವು, ಆದರೆ ದಿನಕ್ಕೆ ನಾಲ್ಕು ಬಕೆಟ್ ನೆಲ ಒರೆಸುವ ಮನೆ ಯಾವುದು? ಬಹುಪಾಲು ಲವಣವನ್ನು ತೆಗೆದ ಆ ನೀರು ಬಾಯಿಗೆ ಸಪ್ಪೆಯಾಗಿಯೇ ಇತ್ತು. ನಮ್ಮ ತಂದೆಯವರು ಕೊನೆಯವರೆಗೂ ಅದನ್ನು ಕುಡಿಯಲಿಲ್ಲ, ತಾಮ್ರದ ತಂಬಿಗೆಯಲ್ಲಿ ತಮ್ಮ ಪಾಲಿನ ನಳದ ನೀರನ್ನು ಬೇರೆಯೇ ಇಟ್ಟುಕೊಳ್ಳುತ್ತಿದ್ದರು.

ನಿರ್ವಹಣೆಯ ಕಥೆ ಇನ್ನೊಂದು. ನನಗೆ ಯಂತ್ರ ಮಾರಿದ ಕಂಪನಿಯ ಹೆಸರು ಬೇಡ. ವಾರ್ಷಿಕ ಕರಾರಿನ ನಾಲ್ಕು ಸಾವಿರ ಕಟ್ಟಿಸಿಕೊಂಡ ಮೇಲೆ, ಫೋನ್ ಮಾಡಿದಾಗೆಲ್ಲ ‘ನಾಳೆ ಬರ್ತಾರ್ರೀ’ ಎಂಬ ಉತ್ತರ ಬರುತ್ತಿತ್ತು. ಕೊನೆಗೆ ಬಂದ ಹುಡುಗ ಲವಣ ಸೋಸುವ ಪೊರೆ, ಅಂದರೆ ಮೆಂಬ್ರೇನ್, ಕರಾರಿಗೆ ಸೇರುವುದಿಲ್ಲ ಎಂದು ಬೇರೆ ಹಣ ಕೇಳಿದ. ಕರಾರಿನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಹಾಗೆ ಬರೆದೂ ಇತ್ತು. ತಪ್ಪು ನನ್ನದೂ ಹೌದು.

ಕೊನೆಯದಾಗಿ ಆ ಮೂರು ಸಾವಿರದ ಹಳೆಯ ಯಂತ್ರ. ಅದನ್ನು ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಮೆಂಬ್ರೇನ್ ಎರಡು ಮೂರು ವರ್ಷಕ್ಕೆ ಬದಲಿಸಬೇಕಾದದ್ದು. ಅದರ ಮುಂದಿನ ಇದ್ದಿಲಿನ ಫಿಲ್ಟರನ್ನು ಸಕಾಲದಲ್ಲಿ ಬದಲಿಸದಿದ್ದರೆ ನಳದ ನೀರಿನ ಕ್ಲೋರಿನ್ ಮೆಂಬ್ರೇನನ್ನೇ ತಿಂದುಹಾಕುತ್ತದೆ, ಹೊರಗಿನಿಂದ ನೋಡಿದರೆ ಇದು ತಿಳಿಯುವುದಿಲ್ಲ. ಅಷ್ಟೂ ಬಿಡಿಭಾಗಗಳನ್ನು ಹೊಸದಾಗಿ ಹಾಕಿಸಿದರೆ ಒಂದು ಹೊಸ ಯುವಿ ಯಂತ್ರದ ಬೆಲೆಯೇ ಆದೀತು. ಬಿಟ್ಟುಕೊಡಲು ಮನಸ್ಸಾಗದಿದ್ದರೆ ಒಳಹೋಗುವ ನೀರನ್ನೂ ಹೊರಬರುವ ನೀರನ್ನೂ ಮೀಟರಿನಲ್ಲಿ ಅಳೆಯಿರಿ. ಇನ್ನೂರು ಇದ್ದದ್ದು ನೂರೈವತ್ತಕ್ಕೆ ಮಾತ್ರ ಇಳಿದಿದ್ದರೆ ಮೆಂಬ್ರೇನ್ ಸತ್ತಿರಬಹುದು, ಅಥವಾ ಹಿಂದಿನವರು ರುಚಿಗಾಗಿ ಟಿಡಿಎಸ್ ತಿರುಪನ್ನು ಪೂರ್ತಿ ತೆರೆದು ಕಚ್ಚಾ ನೀರನ್ನೇ ಬೆರೆಸಿಕೊಂಡಿರಬಹುದು. ಆ ತಿರುಪು ಸಾಮಾನ್ಯವಾಗಿ ಯಂತ್ರದೊಳಗೆ ಕೊಳವೆಗಳ ನಡುವೆ ಇರುತ್ತದೆ. ಮುಚ್ಚಿ ಮತ್ತೊಮ್ಮೆ ಅಳೆದರೆ ಎರಡರಲ್ಲಿ ಯಾವುದು ಎಂಬುದು ಗೊತ್ತಾಗುತ್ತದೆ.